ಹಸಿರು ಪೇಂಟಿನ ರೇಡಿಯೋ, ಹೊನ್ನವ್ವನ ಗಿರಣಿ

೧

ಎಲ್ಲಿಂದ ಹಿಡಿಯಲಿ? ರೇಡಿಯೋದ ಗರ್ರ್ ಸದ್ದಿನಿಂದಲೋ, ಕರಬಸಪ್ಪನ ಸುಳ್ಳಿನಿಂದಲೋ? ಸದ್ದಿನಿಂದ ಹಿಡಿದರೆ ಅವನ ಮರ್ಯಾದೆ ಇನ್ನೊಂದಿಷ್ಟು ಹೊತ್ತು ಉಳಿದೀತು. (ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಕಥೆಯ ಹಿಂದುಮುಂದು ತಪ್ಪಿದರೆ ತಾವೇ ತಿದ್ದಿಕೊಳ್ಳಿ.)

೧೯೫೮. ಹಿರೇಬೆಂಡಿಗೇರಿಯ ಪಂಚಾಯ್ತಿ ರೇಡಿಯೋ ಮೋಟಾರು ಬ್ಯಾಟರಿಯ ಮೇಲೆ ಓಡುತ್ತಿತ್ತು. ಅದನ್ನು ನೋಡಿಕೊಳ್ಳುವವನು ಕರಬಸಪ್ಪ. ದಸರೆ ಮುಗಿದದ್ದೇ ಹಾಡಿಲ್ಲ, ಸುದ್ದಿಯಿಲ್ಲ, ಬರೀ ಗರ್ರ್. ಸವಣೂರಿನ ಎತ್ತುಗಳೆಲ್ಲ ಹಗ್ಗ ಹರಿದುಕೊಂಡು ಓಡಿದವು. (ಸರಿ, ಸವಣೂರು ಬಿಡಿ. ಪಕ್ಕದ ಓಣಿಯ ಒಂದು ಎತ್ತು. ಅದೂ ಬರೀ ಕಿವಿ ಆಡಿಸಿತು.)

"ಏನಾಗೇತೋ ಕರಬಸ್ಯಾ?" ಕಟ್ಟೆಯ ಮೇಲಿಂದ ಅಕ್ಬರಸಾಬ ಕೇಳಿದ. "ಹಾಡು ಹಚ್ಚಂದ್ರ ಮಿರ್ಚಿ ಕರ್ಯಾಕತ್ತಿಯಲ್ಲೋ!"

ಜನ ನಕ್ಕರು. ಕಾರಣ ಗೊತ್ತಿಲ್ಲ ಎನ್ನಲು ಕರಬಸಪ್ಪನಿಗೆ ನಾಚಿಕೆ. ಎದುರಿಗೇ ಹೊನ್ನವ್ವನ ಹಿಟ್ಟಿನ ಗಿರಣಿ ಕಂಡಿತು. ಗಂಡ ಸತ್ತ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದು ಅದೊಂದರಿಂದಲೇ.

"ಆಕಿ ಇಂಜಿನ್ ಕಿಡಿ ಹಾರಸ್ತೈತ್ರಿ. ಅದು ಗಾಳಿಯಾಗ ಬಂದು ಇದರಾಗ ಹೊಕ್ಕೈತಿ."

ಪಂಚರು ಅಂದೇ ಗಿರಣಿ ಬಂದ್ ಮಾಡಿಸಿದರು. ಗರ್ರ್ ನಿಲ್ಲಲಿಲ್ಲ. "ಇನ್ನೂ ಗಾಳಿಯಾಗ ಉಳದೈತ್ರಿ, ಎಂಟು ದಿನ ಬೇಕು," ಎಂದ ಕರಬಸಪ್ಪ. ಹೆಂಗಸರು ಜೋಳ ಹೊತ್ತು ಬಂಕಾಪುರಕ್ಕೆ ನಡೆದರು.

೨

(ಇಲ್ಲಿ ಕರಬಸಪ್ಪ ನನ್ನ ಕೈ ಹಿಡಿದ.)

"ಮುಂದಿಂದು ಬರೀಬ್ಯಾಡ್ರಿ."

"ಯಾಕ?"

"ನಮ್ಮವ್ವ ಓದಿಸ್ಕೊಂಡು ಕೇಳ್ತಾಳ್ರಿ."

"ಹಂಗಾದ್ರ ಇಂಜಿನ್ನಿಂದ ಖರೇನ ತಪ್ಪಿತ್ತಂತ ಬರೀಲೇನು?"

ಕರಬಸಪ್ಪ ನೆಲ ನೋಡಿದ. ಇಂಜಿನ್ನಿನದೇ ತಪ್ಪೆಂದು ಒಂದು ಡ್ರಾಫ್ಟು ಬರೆದೆ. ಹರಿದೆ.

೪ (ಮೂರು ಹರಿದದ್ದು)

ಏಳನೆಯ ದಿನ ಮುಂಜಾನೆ, ಯಾರೂ ಇಲ್ಲದಾಗ, ಕರಬಸಪ್ಪ ರೇಡಿಯೋ ಬಿಚ್ಚಿದ. ಒಳಗೆ ವೈಬ್ರೇಟರ್ ಎಂಬ ತಗಡಿನ ಡಬ್ಬಿ. ಅದರೊಳಗಿನ ಪಟ್ಟಿ ದುಂಬಿಯಂತೆ ನಡುಗಿ ಬ್ಯಾಟರಿಯ ಕರೆಂಟನ್ನು ಕಡಿಯುತ್ತದೆ, ಕೂಡಿಸುತ್ತದೆ. ಹಾಗೆ ಕಡಿದರೇನೇ ಆ ಬಡ ಕರೆಂಟು ದೊಡ್ಡದಾಗುವುದು. ಕಡಿದಾಗಲೆಲ್ಲ ಕಿಡಿ, ಕಿಡಿಯಿಂದ ಗದ್ದಲ. ಡಬ್ಬಿಯ ತಗಡು ಕೆಳಗಿನ ಕಬ್ಬಿಣಕ್ಕೆ ತಾಗಿದ್ದರೆ ಗದ್ದಲ ಅಲ್ಲೇ ಇಂಗುತ್ತದೆ. ತಾಗಿರಲಿಲ್ಲ. ನಡುವೆ ಹಸಿರು ಪೇಂಟು. ದಸರೆಯ ಖಂಡೇಪೂಜೆಗೆಂದು ಎಲ್ಲ ಬಿಚ್ಚಿ, ಕಬ್ಬಿಣಕ್ಕೆ ಎರಡು ಕೈ ಪೇಂಟು ಬಳಿದು, ವಿಭೂತಿ ಹಚ್ಚಿದವನು ಅವನೇ.

ಚಾಕುವಿನಿಂದ ಕೆರೆದ. ಸಂಜೆ ಧಾರವಾಡ ಸ್ಟೇಷನ್ನು ತೊಳೆದಿಟ್ಟಂತೆ ಕೇಳಿಸಿತು.

"ಖರೇನ ಹೇಳಿದ್ದಿ ಬಿಡೋ!" ಅಕ್ಬರಸಾಬ ಕೂಗಿದ. "ಇನ್ನ ಆ ಗಿರಣಿ ಕಾಯಂ ಬಂದ್!"

ರಿಪೇರಿಯೇ ಸುಳ್ಳಿಗೆ ಸಾಕ್ಷಿ ಹೇಳಿತ್ತು. ಉಗುರುಸಂದಿಯ ಹಸಿರು ಕಾಣದಂತೆ ಕರಬಸಪ್ಪ ಕೈಗಳನ್ನು ಜೇಬಿಗಿಳಿಸಿದ.

ಮುಕ್ತಾಯ, ಒಂದು ಬಗೆ: ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. (ಬರೆಯುವಾಗ ನನಗೇ ನಗು ಬಂತು.) ಇನ್ನೊಂದು ಬಗೆ: ಹಾನಗಲ್ಲಿಗೆ ಓಡಿಹೋಗುತ್ತಾನೆ. ನಾನೇ ಬಸ್ಸು ತಂದು ನಿಲ್ಲಿಸಿದೆ. ಹತ್ತಲಿಲ್ಲ.

ಅಷ್ಟರಲ್ಲಿ, ನಾನು ಕರೆಯದೆಯೇ, ಹೊನ್ನವ್ವ ಬಂದಳು.

"ತಮ್ಮಾ, ರೇಡಿಯೋ ಚಲೋ ಆತಂತಲ್ಲ. ನನ್ನ ಇಂಜಿನ್ನಿಂದ ಮಂದಿಗೆಲ್ಲ ತ್ರಾಸಾತು, ಸಿಟ್ಟಾಗಬ್ಯಾಡಪ್ಪಾ. ಯಾವ ವ್ಯಾಳೇಕ್ಕ ಹಚ್ಚಲಿ ಹೇಳು, ಹಂಗ ಹಚ್ತೇನಿ."

ಕರಬಸಪ್ಪ ಬಾಯಿ ತೆರೆದಿದ್ದಾನೆ. ಇಲ್ಲಿಗೆ ಮುಗಿಸಿದರೆ ಅವನು ಪಾರಾಗುತ್ತಾನೆ. ಅದಕ್ಕೇ ಮುಗಿಸುವುದಿಲ್ಲ. ಹೊನ್ನವ್ವ ಕಟ್ಟೆಯ ಕೆಳಗೆ ನಿಂತೇ ಇದ್ದಾಳೆ.