ಎಂಟು ವಾರ ನಡೆದ ಇಲಿಗಳು

ಮಂಡಿಯ ಶಸ್ತ್ರಚಿಕಿತ್ಸೆ ಇನ್ನು ಆಗದು ಎಂದು ವೈದ್ಯರು ಹೇಳಿದರು. ತುಂಗಮ್ಮನ ಹೃದಯ ತೀರ ಸೋತಿದೆ, ಅರಿವಳಿಕೆ ತಡೆಯದು. "ಎಂಟು ವರ್ಷದ ಹಿಂದೆ ಹೇಳಿದಾಗಲೇ ಮಾಡಿಸಿದ್ದರೆ..." ಎಂದು ಅವರು ಅಲ್ಲಿಗೇ ನಿಲ್ಲಿಸಿದರು. ಮಗಳು ರಂಜನಿ ತಲೆ ತಗ್ಗಿಸಿದಳು.

ಅಂದು ಬೇಡವೆಂದವರು ತುಂಗಮ್ಮನೇ. ಮಗಳಿಗೆ ಡಾಕ್ಟರೇಟ್ ಬಂದರೆ ಟಿ. ನಗರದ ಮಠದಲ್ಲಿ ಹೆಜ್ಜೆ ನಮಸ್ಕಾರ ಮಾಡುತ್ತೇನೆಂದು ಹರಕೆ ಹೊತ್ತಿದ್ದರು. ಹೆಜ್ಜೆಗೊಂದು ಸಲ ಮಂಡಿಯೂರಿ ಬೃಂದಾವನಕ್ಕೆ ಸುತ್ತು ಬರಬೇಕು, ಒಂದು ಬೆಳಗ್ಗೆಯ ಸೇವೆ. ಡಾಕ್ಟರೇಟ್ ಬರುವಷ್ಟರಲ್ಲಿ ಮಂಡಿ ಸವೆದಿತ್ತು, ಹರಕೆ ಬಾಕಿ ಉಳಿಯಿತು. ಲೋಹದ ಮಂಡಿ ಹಾಕಿಸಿಕೊಂಡರೆ ನೆಲಕ್ಕೆ ಊರಬಾರದು ಎಂದಿದ್ದರು ವೈದ್ಯರು.

ರಂಜನಿಯ ಸಂಶೋಧನೆಯೂ ಸವೆದ ಮಂಡಿಯದೇ. ಅಲ್ಲಿನ ಮೃದ್ವಸ್ಥಿಯ ಎಷ್ಟೋ ಜೀವಕೋಶಗಳು ಸದ್ದಿಲ್ಲದೆ ಸಾಯುವುದಿಲ್ಲ. ಊದಿಕೊಂಡು, ತಮ್ಮ ಪೊರೆಗೆ ತಾವೇ ತೂತು ಕೊರೆದುಕೊಂಡು ಒಡೆಯುತ್ತವೆ. ಒಳಗಿನದು ಚೆಲ್ಲಿ ನೆರೆಯ ಕೋಶಗಳಿಗೂ ಉರಿ ಹತ್ತುತ್ತದೆ. ಆ ತೂತನ್ನು ತಡೆಯುವ ಔಷಧಿಯೊಂದು ಎಂಟು ವರ್ಷದ ಹಿಂದೆ ಇಲಿಗಳಲ್ಲಿ ಫಲ ಕೊಟ್ಟಿತ್ತು. ಆ ಸಂಜೆ ತಾಂಬರಂನ ಮನೆಗೆ ಓಡಿಬಂದು, ಚಪ್ಪಲಿಯನ್ನೂ ಬಿಡದೆ ಕೂಗಿದ್ದಳು: "ಅಮ್ಮಾ, ಇಲಿಗೆ ವಾಸಿಯಾಯ್ತು!"

"ಹಾಗಾದ್ರೆ ಸರಿ. ಆಪರೇಶನ್ ಬೇಡ, ನಿನ್ನ ಔಷಧಿಗೇ ಕಾಯ್ತೀನಿ," ಎಂದಿದ್ದರು ತುಂಗಮ್ಮ.

ಅದು ಮನುಷ್ಯರ ತನಕ ಬರಲೇ ಇಲ್ಲ. ಬೇರೆಡೆ ಉರಿಯೂತ ತಡೆಯುವ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ನೋಡಿದಾಗಲೂ ನೋವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ರಂಜನಿ ಇದನ್ನೆಲ್ಲ ಲೇಖನಗಳಲ್ಲಿ ಬರೆದಳು, ಮನೆಯಲ್ಲಿ ಹೇಳಲಿಲ್ಲ. ಪ್ರತಿ ದೀಪಾವಳಿಗೂ ಅಮ್ಮ ಹಂಗಿಸುತ್ತಿದ್ದರು: "ಇಲಿಗೆ ಬಂದ ಭಾಗ್ಯ ಹೆತ್ತವಳಿಗೆ ಯಾವಾಗ್ಲೇ?" ಅವಳು ನಕ್ಕು ಜಾರಿಕೊಳ್ಳುತ್ತಿದ್ದಳು.

ಮನೆಗೆ ಹೊರಟ ಟ್ಯಾಕ್ಸಿ ಗಿಂಡಿ ಬಡಾವಣೆ ದಾಟಿತು.

"ಬಿಡು, ಆಪರೇಶನ್ ಯಾರಿಗೆ ಬೇಕು," ಎಂದರು ತುಂಗಮ್ಮ. "ನಿನ್ನ ಔಷಧಿ ಇನ್ನೆಷ್ಟು ದಿನ?"

"ಅಮ್ಮಾ, ಅದು ಬರಲ್ಲ."

"ಈ ವರ್ಷವಾ?"

"ನಿನಗೆ ಬರಲ್ಲ ಅಮ್ಮಾ. ನನಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಪಲ್ಲಾವರಂ ಬಂದ ಮೇಲೆ ತುಂಗಮ್ಮ ಕೇಳಿದರು, "ಮತ್ತೆ ಆ ಇಲಿಗಳು? ಈಗ ಚೆನ್ನಾಗಿ ಓಡಾಡ್ತಿವೆಯಾ?"

"ಇಲ್ಲ. ಮಂಡಿ ಕೊಯ್ದು ನೋಡ್ಬೇಕಲ್ಲ... ಕೊನೇಲಿ ಸಾಯಿಸ್ತೀವಿ."

"ಅಯ್ಯೋ ಪಾಪ! ವಾಸಿಯಾದ್ಮೇಲೆ ಎಷ್ಟು ದಿನ ನಡೆದ್ವು?"

"ಎಂಟು ವಾರ."

ತುಂಗಮ್ಮ ಊದಿದ ಮಂಡಿಯ ಮೇಲೆ ಸೆರಗು ಸರಿಮಾಡಿಕೊಂಡರು.

"ನನಗೆ ಒಂದು ಬೆಳಗ್ಗೆ ಸಾಕಾಗಿತ್ತು ಕಣೇ," ಎಂದರು.