ನೆರಳಿನಲ್ಲಿ ನಿಂತ ಕಾರು

ಹೃದಯಾಘಾತವಾಗಿದ್ದ ಗಡಿಯಾರ ರಿಪೇರಿಯವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ರೋಗಿಯ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಒಂದು ತಿಂಗಳು ಅವರಿಗೆ ಯಾವ ಶಾಕೂ ಆಗಬಾರದಮ್ಮ. ಹೃದಯ ಇನ್ನೂ ಹಸಿಗೋಡೆ ಇದ್ದ ಹಾಗಿದೆ."

"ಶಾಕ್ ಕೊಡೋಕೆ ನಮ್ಮನೇಲಿ ಯಾರಿದ್ದಾರೆ ಸಾರ್, ಇರೋರೇ ಇಬ್ಬರು," ಎಂದು ನಕ್ಕು, ಗಂಡನನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ, ಆಕೆ ಕಾರು ತರಲು ನೆಲಮಾಳಿಗೆಗೆ ಇಳಿದಳು.

ಹನ್ನೊಂದು ದಿನದ ಹಿಂದೆ ಅವರು ಎದೆ ಹಿಡಿದುಕೊಂಡೇ ಓಡಿಸಿಕೊಂಡು ಬಂದು ನಿಲ್ಲಿಸಿದ್ದ ಕಾರು. ಕೀಲಿ ಅಂದಿನಿಂದ ಆಕೆಯ ಚೀಲದಲ್ಲೇ ಇತ್ತು, ಓಡಿಸಲೂ ಬರುತ್ತಿತ್ತು. ಆದರೆ ಮನೆ ಮುಂದೆ ಸುಡುಬಿಸಿಲು. ಇಲ್ಲಿ ತಂಪು ನೆರಳು, ಕಾವಲುಗಾರ ಬೇರೆ. ರೋಗಿಯ ಹಾಸಿಗೆ ಬಾಡಿಗೆಯಲ್ಲೇ ಅವನ ಕಾರಿನದೂ ಸೇರಿರುತ್ತದೆಂದು ಆಕೆಯ ಎಣಿಕೆ. ಹಾಗಾಗಿ ಪೆಟ್ರೋಲು ಉಳಿಸಿ ಬಸ್ಸಿನಲ್ಲೇ ಓಡಾಡಿದಳು. ದಿನಾ ಸಂಜೆ ಇಳಿದು ಬಂದು ಕಾರಿನ ಧೂಳು ಒರೆಸಿ, "ನೀನಾದರೂ ಸುಖವಾಗಿದ್ದೀಯಲ್ಲ," ಎಂದು ತಟ್ಟಿ ಹೋಗುತ್ತಿದ್ದಳು.

ಗೇಟಿನ ಗೂಡಿನಲ್ಲಿದ್ದವನು ಕಾರು ನಿಲ್ಲಿಸಿದ ದಿನ ಕೊಟ್ಟಿದ್ದ ಚೀಟಿಯನ್ನು ಯಂತ್ರಕ್ಕೆ ತೋರಿಸಿ, ಪರದೆಯನ್ನು ಈ ಕಡೆ ತಿರುಗಿಸಿದ. ಆಕೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು.

"ಇದೇನಪ್ಪಾ, ಫೋನ್ ನಂಬರಾ?"

"ಗಂಟೆ ಲೆಕ್ಕ ಅಮ್ಮಾ. ಇನ್ನೂರ ಅರವತ್ತೆರಡು ಗಂಟೆ."

"ಅಯ್ಯೋ ದೇವರೇ! ಅವರ ಹಾಸಿಗೆಗೇ ಇಷ್ಟಾಗಲಿಲ್ಲ! ಅವರಿಗೆ ಊಟ, ನರ್ಸು ಎಲ್ಲ ಇತ್ತು. ಇದಕ್ಕೆ ಒಂದು ಸೂಜಿಯಾದ್ರೂ ಚುಚ್ಚಿದ್ರಾ? ಧೂಳು ಒರೆಸಿದ್ದೂ ನಾನೇ!"

"ನನ್ ಹತ್ರ ಜಗಳ ಆಡಿ ಏನ್ ಬಂತಮ್ಮಾ? ನನ್ ಸ್ಕೂಟರಿಗೂ ಸಂಬಳದಲ್ಲಿ ಮುರ್ಕೋತಾರೆ. ನಿಮ್ಮನ್ನ ದಿನಾ ನೋಡ್ತಿದ್ದೆ, ಯಾರೋ ದೊಡ್ಡ ಕುಳ ಅಂದ್ಕೊಂಡಿದ್ದೆ."

ಆಪತ್ತಿಗಿರಲೆಂದು ಆಕೆ ಗಂಡನಿಗೆ ಗೊತ್ತಿಲ್ಲದೆ ಕೂಡಿಟ್ಟು ತಂದಿದ್ದ ಗಂಟು ಅಲ್ಲೇ ಬಿಚ್ಚಿತು, ಅಲ್ಲೇ ಮುಗಿಯಿತು.

ಕಾರು ಬಾಗಿಲಿಗೆ ಬಂದಾಗ ಗಂಡ ಬಗ್ಗಿ ಆಕೆಯ ಮುಖ ನೋಡಿದರು. "ಯಾಕೇ ಹಿಂಗೆ ಬಿಳಿಚ್ಕೊಂಡಿದ್ದೀಯ? ಎಷ್ಟು ಕಿತ್ಕೊಂಡ್ರು ಕೆಳಗೆ?"

ಹಸಿಗೋಡೆ ನೆನಪಾಯಿತು. "ಏನಿಲ್ಲ ರೀ. ರೋಗಿಗಳಿಗೆ ಬಿಟ್ಟಿಯಂತೆ."

ಹನ್ನೊಂದು ದಿನ ಕಾಣದ ಕಳೆ ಅವರ ಮುಖಕ್ಕೆ ಬಂತು. ಬಾಗಿಲಿಗೆ ಹಾಕಿದ್ದ ಕೈ ಹಿಂದೆಗೆದರು. "ಮತ್ಯಾಕೆ ತಂದೆ? ಮುಂದಿನ ವಾರ ತಪಾಸಣೆಗೆ ಬರಲೇಬೇಕಲ್ಲ! ನೆರಳಿದೆ, ಕಾವಲಿದೆ. ವಾಪಸ್ ಒಳಗೆ ನಿಲ್ಲಿಸ್ ಬಾ, ಬಸ್ಸಲ್ಲೇ ಹೋಗೋಣ."

ಆಕೆ ಸ್ಟೇರಿಂಗ್ ಬಿಟ್ಟು ಎರಡೂ ಕೈಯಲ್ಲಿ ತನ್ನ ಎದೆ ಹಿಡಿದುಕೊಂಡಳು.