ಗ್ವಾರ್ದಾಕ್ವನ ಒಕ್ಕಲು

ಮಳವಳ್ಳಿ ಸಂತೆಯ ನಡುವೆ ನಿಂತು 'ಮಾದಯ್ಯ' ಎಂದು ಒಂದು ಸಲ ಕೂಗಿ ನೋಡಿ. ಹುಣಸೆಹಣ್ಣು ತೂಗುವವನು, ಟಗರಿನ ಹಲ್ಲು ನೋಡುವವನು, ಬೀಡಿ ಹಚ್ಚುವವನು, ಎಲ್ಲರೂ ತಿರುಗುತ್ತಾರೆ. ಕಾಲೇಜಿನಿಂದ ರಜೆಗೆ ಬಂದಾಗ ನಾನು ಇದನ್ನು ಬೇಕೆಂದೇ ಮಾಡಿದ್ದೇನೆ. ಒಂದು ಸಲ ಹದಿನಾಲ್ಕು ತಲೆ ತಿರುಗಿದವು. ಹದಿನೈದನೆಯದು ನಮ್ಮ ಸೋದರಮಾವನದು. ಅವರು ತಿರುಗಿದ್ದಲ್ಲದೆ ಬಂದು ನನ್ನ ಕಿವಿಯನ್ನೂ ತಿರುಗಿಸಿದರು. ಬೆಟ್ಟದ ದೇವರು ಮಾದಪ್ಪನ ಹೆಸರು ನಮ್ಮ ಸೀಮೆಯಲ್ಲಿ ಮಳೆಯಿದ್ದ ಹಾಗೆ, ಹೊರಗೆ ನಿಂತವರ ಮೇಲೆಲ್ಲ ಬಿದ್ದಿದೆ.

ಅಂಥ ಸೀಮೆಗೆ, ಲೋಕವೆಲ್ಲ ಸುತ್ತಿ ಕೂಗಿದರೂ ಒಂದೋ ಎರಡೋ ತಲೆ ಮಾತ್ರ ತಿರುಗುವಂಥ ಹೆಸರಿನವನೊಬ್ಬ ಬಂದ.

ಅದು ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಹಲಗೂರಿನ ಆಚೆಗಿರುವ ನಮ್ಮೂರ ಕೆರೆಯ ತೂಬು ಆ ಮುಂಗಾರಿನಲ್ಲಿ ಕುಸಿದಿತ್ತು. ತೂಬು ಕೆರೆಯ ಬಾಯಿ; ಅದು ಕೆಟ್ಟರೆ ಕೆರೆ ತುಂಬಿದ್ದೂ ಗದ್ದೆಗೆ ಒಣ ನಾಲಿಗೆ. ಯುದ್ಧದ ಕಾಲ, ಕಲ್ಲುಕೆಲಸ ಬಲ್ಲವರೆಲ್ಲ ಮಿಲಿಟರಿ ಕಟ್ಟಡಗಳಿಗೆ ಹೋಗಿದ್ದರು. ಕೊನೆಗೆ ಇಂಜಿನಿಯರು ಬೆಂಗಳೂರಿನ ಸೆರೆಶಿಬಿರದಿಂದ ಒಬ್ಬ ಇಟಲಿಯ ಸಿಪಾಯಿಯನ್ನು, ಪಕ್ಕದ ಮನೆಯಿಂದ ಎತ್ತು ತರುವ ಹಾಗೆ, ಕಡವಾಗಿ ತಂದರು. ಜೊತೆಗೆ ಕಾವಲಿಗೆ ಒಬ್ಬ ಹವಾಲ್ದಾರ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ದುಭಾಷಿ ಮಾಡಿದರು.

ಆಳು ನಲವತ್ತು ದಾಟಿದವನು, ಮೊಣಕೈವರೆಗೆ ಕೆಂಪು ಕೂದಲು, ಕಲ್ಲನ್ನು ಮುಟ್ಟುವ ಮೊದಲು ಒಂದು ಸಲ ಮೂಸುವ ಅಭ್ಯಾಸ. ತೂಬಿನ ಹತ್ತಿರ ನಮ್ಮ ದೊಡ್ಡಪ್ಪ ಮರಿಸಿದ್ದಯ್ಯ ನಿಂತಿದ್ದರು.

"ಏನ್ಲಾ ಪುಟ್ಟರಾಜ, ಇವನ ಎಸರು?"

"ಎತ್ತೋರೆ, ದೊಡ್ಡಪ್ಪ."

"ಎತ್ತೋರೇ ಬೇಕಾಗಿದ್ದಿದ್ದು ಕಣ್ಲಾ. ಮೂರು ತಿಂಗಳಿಂದ ಆ ಚಪ್ಪಡಿ ಎತ್ತೋರು ಒಬ್ಬರೂ ಗತಿಯಿಲ್ಲ."

ಶ್ಲೇಷೆ ನನ್ನ ಸೊತ್ತು ಎಂದುಕೊಂಡಿದ್ದೆ. ಅಕ್ಷರ ಬಾರದ ದೊಡ್ಡಪ್ಪ ಮೊದಲ ದಿನವೇ ಅದನ್ನು ಕಿತ್ತುಕೊಂಡರು.

ಎತ್ತೋರೆ ನಮ್ಮ ಜಗಲಿಯಲ್ಲೇ ಉಳಿದ. ದೊಡ್ಡಮ್ಮ ಚಿಕ್ಕಬೋರಮ್ಮ ಅವನಿಗೆಂದು ಬೇರೆ ಕಂಚಿನ ತಟ್ಟೆ ಇಟ್ಟರು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಕಲಿಯಲು ಅವನಿಗೆ ಎರಡೇ ದಿನ ಸಾಕಾಯಿತು. ತಮ್ಮೂರಲ್ಲೂ ಮುಸುಕಿನ ಜೋಳದ ಹಿಟ್ಟಿನ ಇಂಥದ್ದೇ ಒಂದು ಉಂಟೆಂದ. ಶಿಬಿರದಲ್ಲಿ ಇಂಗ್ಲಿಷನ್ನು ಒಂದಿಷ್ಟು ಕಲಿತಿದ್ದ. ಕನ್ನಡವನ್ನೆಲ್ಲ ದೊಡ್ಡಪ್ಪನ ಬಾಯಿಂದ ಎತ್ತಿಕೊಂಡ. ಹಾಗಾಗಿ ಹವಾಲ್ದಾರನನ್ನೂ "ಎದ್ದೇಳ್ಲಾ, ಒತ್ತಾಯ್ತು" ಎಂದೇ ಎಬ್ಬಿಸುತ್ತಿದ್ದ.

ಜನರ ದನಿ ಕದಿಯುವುದು ನನ್ನ ಹಳೆಯ ಚಟ. ಅಮಲ್ದಾರರ ಕೆಮ್ಮು, ಸ್ಕೂಲ್ ಇನ್ಸ್‌ಪೆಕ್ಟರರ ಮೂಗು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಒಂದು ಮಧ್ಯಾಹ್ನ ಎತ್ತೋರೆಯ ದನಿಯಲ್ಲಿ "ಅವ್ವಾ, ಒಟ್ಟೆ ಅಸೀತದೆ" ಎಂದೆ. "ಬಂದೆ ಕಣಪ್ಪ" ಎಂದು ದೊಡ್ಡಮ್ಮ ಆ ಕಂಚಿನ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಹೊರಗೆ ಬಂದರು. ನನ್ನನ್ನು ನೋಡಿ ತಟ್ಟೆ ವಾಪಸು ಒಯ್ದರು. ಆ ದಿನ ನನಗೆ ಊಟ ಕೊನೆಗೆ.

ಅವನ ಪೂರ್ತಿ ಹೆಸರು ಗೊತ್ತಾಗಿದ್ದು ಕೆರೆ ಏರಿಯ ಮೇಲೆ, ಬುತ್ತಿ ಬಿಚ್ಚಿದಾಗ. ಶಿಬಿರದಲ್ಲಿ ಅವನಿಗೆ ನಂಬರು ಮಾತ್ರ ಇತ್ತು. ಹೆಸರು ಕೇಳಿದರೆ ಬೆನ್ನು ನೆಟ್ಟಗೆ ಮಾಡಿ ಹೇಳಿದ: ಎತ್ತೋರೆ ಗ್ವಾರ್ದಾಕ್ವ. ಗ್ವಾರ್ದ ಎಂದರೆ ಕಾವಲು, ಆಕ್ವ ಎಂದರೆ ನೀರು. ಅವರದು ಬೆಟ್ಟದೂರು. ಮೇಲಿನ ಹಿಮ ಕರಗಿದ ನೀರು ಬಂಡೆ ಕೊರೆದು ಮಾಡಿದ ಕಾಲುವೆಯಲ್ಲಿ ಊರಿಗಿಳಿಯುತ್ತದೆ. ಯಾರ ಹೊಲಕ್ಕೆ ಎಷ್ಟು ಹೊತ್ತು ಎಂದು ಬಿಡುವವನು ಒಬ್ಬನಿರುತ್ತಾನೆ. ನಾನೂರು ವರ್ಷದ ಹಿಂದೆ ಚರ್ಚಿನ ಪಾದ್ರಿ ಊರವರ ಹೆಸರು ಬರೆಯಲು ಕೂತಾಗ ಊರಿನಲ್ಲಿ ಜ್ಯೋವಾನ್ನಿ ಎನ್ನುವವರೇ ಒಂಬತ್ತು ಮಂದಿ ಇದ್ದರಂತೆ. ಅಲ್ಲೂ ಮಾದಯ್ಯಂದಿರ ಕಾಟ. ಪಾದ್ರಿ ಬೇಸತ್ತು ಒಬ್ಬನಿಗೆ ಕುರಿಯವನು, ಒಬ್ಬನಿಗೆ ಕುಂಟ, ಒಬ್ಬನಿಗೆ ನೀರು ಕಾಯುವವನು ಎಂದು ಸೇರಿಸಿ ಬರೆದ. ಆ ಕೊನೆಯವನೇ ಇವರ ಮೂಲಪುರುಷ.

ದೊಡ್ಡಪ್ಪ ತುತ್ತು ನಿಲ್ಲಿಸಿದರು. "ಅಂಗಂದ್ರೆ ಇವನೂ ನೀರುಗಂಟಿ ಅನ್ನು."

ನಮ್ಮದು ತಲೆತಲಾಂತರದಿಂದ ನೀರುಗಂಟಿ ಮನೆ. ತೂಬು ಎತ್ತುವುದು, ಮುಚ್ಚುವುದು, ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುವುದು ದೊಡ್ಡಪ್ಪನ ಕೆಲಸ. ಕಾಲೇಜಿನ ಅರ್ಜಿಯಲ್ಲಿ ಮನೆತನದ ಕಸುಬು ಎಂಬಲ್ಲಿ ನಾನು 'ವ್ಯವಸಾಯ' ಎಂದು ಬರೆದಿದ್ದೆ. ಈ ಮನುಷ್ಯ ಅದೇ ಕಸುಬನ್ನು ಹೆಸರಿನ ತುದಿಗೆ ಕಟ್ಟಿಕೊಂಡು, ಯುದ್ಧ ಸೋತು, ಸಮುದ್ರ ದಾಟಿ, ಕೈದಿಯಾಗಿ ಬಂದರೂ ಬೆನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದ.

ತೂಬು ಎದ್ದು ನಿಂತ ಮೇಲೆ ಅವನು ಯಾರೂ ಕೇಳದ ಇನ್ನೊಂದು ಕೆಲಸ ಮಾಡಿದ. ಕಾಲುವೆಗೆ ಒಂದು ಪುಟ್ಟ ಮರದ ಚಕ್ರ ಇಟ್ಟು, ಅದಕ್ಕೆ ಸುತ್ತಿಗೆ ಜೋಡಿಸಿ, ನಮ್ಮ ಮುದಿ ಎತ್ತಿನ ಕೊರಳ ಗಂಟೆ ಕಟ್ಟಿದ. ನೀರು ಹರಿಯುವಷ್ಟು ಹೊತ್ತೂ ಗಂಟೆ. ಗಂಟೆ ನಿಂತರೆ ಎಲ್ಲೋ ಒಡ್ಡು ಒಡೆದಿದೆ, ಇಲ್ಲವೇ ಯಾರೋ ಒಡೆದಿದ್ದಾರೆ. ಅವರೂರಿನ ಹಳೆಯ ಉಪಾಯವಂತೆ. "ನೀರುಗಂಟಿಗೆ ನೀರ್ಗಂಟೆ" ಎಂದು ನಾನಂದರೆ ದೊಡ್ಡಪ್ಪ ನಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ನೀರಿನ ಸರದಿಯ ಹೊತ್ತಿನಲ್ಲಿ ಮರದ ಕೆಳಗೆ ಕಾಲು ಚಾಚಿದ್ದರು. ವಾರದೊಳಗೆ ಚಿಕ್ಕಬೋರಯ್ಯ ಎಂಬ ಘಾಟಿ ಗಂಟೆಯೊಳಗೆ ಪಂಚೆಯ ತುಂಡು ತುರುಕಿ, ದೊಡ್ಡಪ್ಪ ಎರಡು ಸಲ ಸುಮ್ಮನೆ ಓಡಿಬರುವಂತೆ ಮಾಡಿ, ಮೂರನೆಯ ಸಲ ಅವರು ಏಳದಿದ್ದಾಗ ನೀರು ತಿರುಗಿಸಿಕೊಂಡ. ಎತ್ತೋರೆಗೆ ಬೇಜಾರಾಗಲಿಲ್ಲ. ಅವರೂರಿನಲ್ಲೂ ತುರುಕುತ್ತಾರಂತೆ, ಅಲ್ಲಿ ಕಾಲ್ಚೀಲ.

ಸಂಕ್ರಾಂತಿ ಕಳೆದ ವಾರ ಅವನಿಗೊಂದು ಕಾಗದ ಬಂತು. ಓದಿ ಮಡಚಿ ಜೇಬಿಗಿಟ್ಟ. ಕೆರೆ ಏರಿಗೆ ಹೊದಿಸುತ್ತಿದ್ದ ಕಲ್ಲನ್ನು ಎರಡು ದಿನ ಮೂಸಲಿಲ್ಲ, ಸುಮ್ಮನೆ ಒಡೆದ. ಮೂರನೆಯ ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ. ಅಜ್ಜನ ಕಾಲಕ್ಕೆ ಗ್ವಾರ್ದಾಕ್ವ ಹೆಸರಿನ ಹನ್ನೊಂದು ಮನೆಗಳಿದ್ದವು. ಐದು ಮನೆಯವರು ಅಮೆರಿಕಕ್ಕೆ ಹೋಗಿ, ಅಲ್ಲಿನವರ ನಾಲಿಗೆಗೆ ಸುಲಭವಾಗಲೆಂದು ಬೇರೆ ಹೆಸರಿಟ್ಟುಕೊಂಡರು. ಹಿಂದಿನ ಯುದ್ಧ, ಅದರ ಹಿಂದೆಯೇ ಬಂದ ಜ್ವರ, ಉಳಿದವರನ್ನು ತೆಗೆದವು. ಅಣ್ಣನ ಮಗ ಒಬ್ಬನಿದ್ದ, ಈಗ ಅವನೂ ಯುದ್ಧದಲ್ಲಿ ಹೋದ. ಬಾಂಬು ಬಿದ್ದು ಚರ್ಚು ಸುಟ್ಟಿದೆ, ಹೆಸರು ಬರೆದಿಟ್ಟ ಪುಸ್ತಕವೂ ಅದರ ಜೊತೆಗೆ. "ಪುಟ್ರಾಜ, ಈಗ ನಾನೊಬ್ಬ. ಆಮೇಲೆ ಆ ಎಸರೇ ಇಲ್ಲ. ಬರೆದಿರಾದೂ ಇಲ್ಲ."



ಮಾರನೆಯ ಬೆಳಗ್ಗೆಯೇ ನಮ್ಮ ಹೆಳವ ಬಂದ. ಕೆಂಪಸಿದ್ದಯ್ಯ ಅವನ ಹೆಸರು. ಹೆಳವ ಎಂದರೆ ಕಾಲಿಲ್ಲದವನು. ಇವನ ಕಾಲು ಗಟ್ಟಿಯಾಗೇ ಇದ್ದವು, ಆದರೂ ಕುಲದ ಪದ್ಧತಿಯಂತೆ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿ, ಗಂಟೆ ಬಾರಿಸುತ್ತ ಬರುತ್ತಿದ್ದ. ಮೂರು ವರ್ಷಕ್ಕೊಮ್ಮೆ ಬಂದು ನಮ್ಮ ವಂಶ ಹೊಗಳಿ, ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ದಾಟಿಸಿ, ರಾಗಿ ತೆಗೆದುಕೊಂಡು ಹೋಗುವುದು ಅವನ ಕೆಲಸ. ಅವನ ಹತ್ತಿರ ಕಡತವಿತ್ತು: ಕರಿ ಮೆತ್ತಿದ ಬಟ್ಟೆಯ ಮಡಿಕೆ, ಅದರ ಮೇಲೆ ಬಳಪದ ಅಕ್ಷರ. ಬಳಪವಾದ್ದರಿಂದ ಒದ್ದೆ ಬೆರಳು ಸವರಿದರೆ ಹೋಗುತ್ತದೆ.

ಅವನು ಹೊಸ್ತಿಲ ಮುಂದೆ ಎತ್ತು ನಿಲ್ಲಿಸಿ ಒಂಬತ್ತು ತಲೆಮಾರು ಹಾಡಿದ. ಭೈರವನ ಒಕ್ಕಲು, ನೀರು ಕಾಯುವ ಕುಲ, ಏಳು ಜನ ಅಣ್ಣತಮ್ಮಂದಿರು. ಕಿರಿಯವನು ನೀರಿನ ಸರದಿಯ ಜಗಳದಲ್ಲಿ ಮುನಿದು ಹೊಳೆ ದಾಟಿದ. ದಾಟಿದವನ ದೀಪ ಕಾಣದು. ಈ ಸಾಲು ಬಂದಾಗಲೆಲ್ಲ ದೊಡ್ಡಪ್ಪ, ನಿನ್ನೆ ನಡೆದ ಜಗಳವೇನೋ ಎಂಬಂತೆ, ತಲೆ ತಗ್ಗಿಸುತ್ತಿದ್ದರು.

ಎತ್ತೋರೆ ಟೋಪಿ ತೆಗೆದು ನಿಂತಿದ್ದ. ನಾನು ಅರ್ಥ ಹೇಳಿದ ಮೇಲೆ ತಡವರಿಸುತ್ತ ಕೇಳಿದ: "ಈ ಅಯ್ಯ ಇನ್ನೊಂದು ಎಸರು ಇಟ್ಕೋತಾನಾ?"

ಕೆಂಪಸಿದ್ದಯ್ಯ ತಲೆಯಾಡಿಸಿದ. "ಹೊರಗಿನೋರ್ನ ಇಡಕಿಲ್ಲ ಕಣಪ್ಪ. ನಮ್ಮಪ್ಪ ಆಣೆ ಇಕ್ಕಿಸ್ಕೊಂಡವನೆ."

"ಕೇಳಾದ್ರೂ ಕೇಳಯ್ಯ," ದೊಡ್ಡಪ್ಪ ಎಂದರು. "ನಮ್ಮ ತೂಬು ನಿಲ್ಸಿದೋನು ಅವನು."

ಹೆಳವ ಮನಸ್ಸಿಲ್ಲದೆ ತನ್ನ ಮೂರು ಪ್ರಶ್ನೆ ಕೇಳಿದ. ಮೂಲದೂರು ಯಾವುದು? ಹೊಳೆ, ಆಮೇಲೆ ಸಮುದ್ರ, ಅದರಾಚೆ. ಕಸುಬು? ನೀರು ಕಾಯೋದು. ಹೆಳವನ ಹುಬ್ಬು ಮೇಲೇರಿತು. ಮನೆದೇವರು?

ಎತ್ತೋರೆ ಕೊರಳಿನಿಂದ ಒಂದು ತಗಡಿನ ಬಿಲ್ಲೆ ತೆಗೆದು ಅಂಗೈ ಮೇಲೆ ಇಟ್ಟ. ಕೋಲು ಹಿಡಿದು ನಿಂತ ಒಬ್ಬ ದೇವಪುರುಷ, ಕಾಲ ಬಳಿ ಒಂದು ನಾಯಿ. ಹೆಳವ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಮತ್ತೆ ನೋಡಿದ. ಎತ್ತಿನಿಂದ ಕೆಳಗಿಳಿದ. ಹೆಳವ ನೆಲಕ್ಕೆ ಇಳಿದದ್ದನ್ನು ನಾವು ಅಂದೇ ಕಂಡದ್ದು.

"ನಾಯಿ ಅದೆ. ಕೈಲಿ ಕೋಲದೆ. ಭೈರವ ಕಣಯ್ಯ ಮರಿಸಿದ್ದ. ನೀರು ಕಾಯೋ ಭೈರವನ ಒಕ್ಕಲು ಇನ್ನೆಲ್ಲದೆ? ಹೊಳೆ ದಾಟಿದನಲ್ಲ, ಅವನ ಪೈಕಿ ಇವನು."

ಅದು ರೋಕ್ಕೋ ಎಂಬ ಕ್ರೈಸ್ತ ಸಂತ, ಪ್ಲೇಗು ಬಂದಾಗ ಅವರು ನೆನೆಯುವವನು, ನಾಯಿ ಅವನಿಗೆ ರೊಟ್ಟಿ ತಂದುಕೊಟ್ಟದ್ದು. ಎತ್ತೋರೆ ನನಗೆ ಎಲ್ಲವನ್ನೂ ಹೇಳಿದ್ದ. ಹೇಳಿಬಿಡೋಣವೆಂದು ಬಾಯಿ ತೆರೆದೆ. ದೊಡ್ಡಪ್ಪ ಆಗಲೇ ಎತ್ತೋರೆಯ ಭುಜ ಹಿಡಿದುಕೊಂಡು, "ಇನ್ನೂರು ವರ್ಸ ಆಯ್ತಲ್ಲೋ, ಅಷ್ಟಕ್ಕೆಲ್ಲ ಮುನಿಸ್ಕೋತಾರಾ?" ಎನ್ನುತ್ತಿದ್ದರು. ತೆರೆದ ಬಾಯಿಗೆ ಒಂದು ಆಕಳಿಕೆ ಕೊಟ್ಟು ಮುಚ್ಚಿದೆ.

ಹೆಳವ ಬಳಪದಲ್ಲಿ ಹೆಸರು ಬರೆದುಕೊಂಡ. ಬರೆದವನು ಒಂದು ಕಟ್ಟಳೆಯನ್ನೂ ಹಾಕಿದ. "ಇವನು ಇಲ್ಲೇ ಇರೋನಲ್ಲ. ಮುಂದಿನ ಸಲ ಬಂದಾಗ ಈ ಹೊಸ್ತಿಲಲ್ಲಿ ಮೂರು ಸಲ ಕೂಗ್ತೀನಿ. ಆ ಒಕ್ಕಲಿನೋರು ಇದ್ದೀವಿ ಅನ್ಬೇಕು. ಯಾರೂ ಅನ್ನದಿದ್ರೆ ಅಳಿಸ್ತೀನಿ. ದೀಪ ಇಲ್ಲದ ಮನೆ ಹೊತ್ಕೊಂಡು ತಿರುಗಾಕಿಲ್ಲ ನಾನು."

ಮೇ ತಿಂಗಳಲ್ಲಿ ಎತ್ತೋರೆಯನ್ನು ಶಿಬಿರಕ್ಕೆ ವಾಪಸು ಕರೆದುಕೊಂಡು ಹೋದರು. ಮದ್ದೂರು ಸ್ಟೇಷನ್ನಿನವರೆಗೆ ನಾನೂ ದೊಡ್ಡಪ್ಪನೂ ಹೋಗಿದ್ದೆವು. ಒಂದು ಕಾರ್ಡು ಬಂತು. ನಲವತ್ತಾರರಲ್ಲಿ ಕೈದಿಗಳನ್ನೆಲ್ಲ ಹಡಗು ಹತ್ತಿಸಿದರೆಂದು ಪತ್ರಿಕೆಯಲ್ಲಿ ಓದಿದೆ. ನಾನು ಬರೆದ ನಾಲ್ಕು ಕಾಗದಗಳಿಗೆ ಉತ್ತರ ಬರಲಿಲ್ಲ. ತಲುಪಿದನೋ, ಇದ್ದಾನೋ, ಗೊತ್ತಾಗಲಿಲ್ಲ.

ನಲವತ್ತೇಳರ ಜನವರಿಯಲ್ಲಿ ಹೆಳವನ ಗಂಟೆ ಕೇಳಿಸಿತು. ದೊಡ್ಡಪ್ಪ ತೂಬಿನ ಹತ್ತಿರ ಹೋಗಿದ್ದರು. ನಾನು ಬಾಗಿಲ ಹಿಂದೆ ಇದ್ದೆ. ಒಂಬತ್ತು ತಲೆಮಾರು ಹಾಡಿ ಮುಗಿಸಿದ ಕೆಂಪಸಿದ್ದಯ್ಯ ಕಡತದ ಕೊನೆಯ ಮಡಿಕೆ ಬಿಚ್ಚಿದ.

"ಹೊಳೆ ದಾಟಿದವನ ಪೈಕಿ, ಗ್ವಾರ್ದಾಕ್ವನ ಒಕ್ಕಲು, ಇದ್ದೀರಾ?"

ಮೂರು ವರ್ಷದಲ್ಲಿ ಆ ಹೆಸರಿನ ಒಂದಕ್ಷರವೂ ಅವನ ಬಾಯಲ್ಲಿ ಸವೆದಿರಲಿಲ್ಲ. ನನ್ನ ಗಂಟಲಲ್ಲಿ ಎತ್ತೋರೆಯ ದನಿ ಸಿದ್ಧವಾಗಿತ್ತು. 'ಇದ್ದೀನಿ ಕಣ್ಲಾ' ಎಂದು ಒಂದು ಮಾತು ಸಾಕು, ಹೆಳವ ನಂಬುತ್ತಾನೆ, ಹೆಸರು ಉಳಿಯುತ್ತದೆ. ಆದರೆ ಬದುಕಿದ್ದಾನೋ ಇಲ್ಲವೋ ತಿಳಿಯದವನ ದನಿ ಅದು. ತುಟಿವರೆಗೆ ಬಂದು ನಿಂತಿತು.

"ಗ್ವಾರ್ದಾಕ್ವನ ಒಕ್ಕಲು, ಇದ್ದೀರಾ?"

ಕಂಡಿಯಲ್ಲಿ ನೋಡಿದೆ. ಹೆಳವ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಿದ್ದ. ನಾನು ಗಂಟಲು ಸರಿಮಾಡಿಕೊಂಡೆ. ಅವನು ಮೂರನೆಯ ಸಲ ಕೂಗಿದ.

"ಇದ್ದೀವಿ ಕಣಯ್ಯ, ಯಾಕಂಗೆ ಅರಚ್ಕೋತೀಯ?"

ದೊಡ್ಡಮ್ಮ ಒಲೆ ಮುಂದಿನಿಂದ ಎದ್ದು ಬಂದಿದ್ದರು, ಕೈಯೆಲ್ಲ ಹಿಟ್ಟು.

"ನೀನು ಮರಿಸಿದ್ದಯ್ಯನ ಕಡೆಯೋಳಲ್ಲವಾ ಬೋರಮ್ಮ. ಅವನ ಕಡೆಯಿಂದ ಯಾರು?"

"ಎಂಟು ತಿಂಗಳು ಅವನಿಗೆ ಮುದ್ದೆ ಕಟ್ಟಿ ಇಕ್ಕಿದೋಳು ನಾನು. ಅವನುಂಡ ತಟ್ಟೆ ಅಗೋ, ಗೂಡಲ್ಲಿ ಅದೆ. ವಾರಕ್ಕೊಂದಪ ಉಣಿಸೆಣ್ಣಾಕಿ ಬೆಳಗ್ತೀನಿ, ಬಂದ್ರೆ ಇರ್ಲಿ ಅಂತ. ತಟ್ಟೆ ಕಾಯ್ತಾ ಕೂತಿರೋ ಮನೇಲಿ ಒಕ್ಕಲಿಲ್ಲ ಅಂದ್ಬುಟ್ಟೀಯಾ ನೀನು?"

ಹೆಳವ ಗೂಡಿನ ಕಡೆ ನೋಡಿದ. ಕಂಚು ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು, ಬಳಪ ತೆಗೆದು, ಮಾಸಿದ್ದ ಅಕ್ಷರಗಳ ಮೇಲೆ ಮತ್ತೊಂದು ಸಲ ತಿದ್ದಿದ.

"ಅಂಗಾದ್ರೆ ಎರಡು ಒಕ್ಕಲು," ಎಂದ. "ಎರಡು ಮೊರ ರಾಗಿ."

"ಅದಕ್ಕೇ ಅಷ್ಟು ಗಟ್ಟಿಯಾಗಿ ಕೂಗ್ತಿದ್ದೆ ಅಂತ ನಂಗೊತ್ತಿಲ್ವಾ?" ದೊಡ್ಡಮ್ಮ ಒಳಗೆ ಬಂದು, ವಾಡೆಯಿಂದ ರಾಗಿ ತೋಡಿ ಮೊರಕ್ಕೆ ಸುರಿದರು. ಎರಡನೆಯ ಮೊರವನ್ನು ಮೊದಲನೆಯದಕ್ಕಿಂತ ಹೆಚ್ಚೇ ತುಂಬಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾಗಿಲಿಂದೆ ನಿಂತ್ಕಂಡು ಗಂಟಲು ಸರಿ ಮಾಡ್ತಿದ್ದದ್ದು ಕೇಳಿಸ್ತು. ಅವನ ದನಿ ಅವನೇ ಬಂದು ಆಡ್ಲಿ, ನೀನು ಸುಮ್ಕಿರು. ಇಕಾ, ಅವನ ಮೊರ ಇಡ್ಕೊ."

ಹಿಡಿದುಕೊಂಡೆ. ಭಾರವಾಗಿತ್ತು.